ಒಳ್ಳೆಯ ಕಣ್ಣಿಗೆ ಕಟ್ಟಿದ ಪಟ್ಟಿ

ನಾನು ಚಿಕ್ಕವನಿದ್ದಾಗ, ಅಂದರೆ ಮುಂದಿನ ಹಲ್ಲೆರಡೂ ಬಿದ್ದು ಬೊಚ್ಚುಬಾಯಿಯಾಗಿದ್ದ ಆ ಬೇಸಿಗೆಯಲ್ಲಿ, ಮಸೂತಿ ಊರಿನ ನಮ್ಮ ಮನೆಯಲ್ಲಿ ದಿನಾ ಒಂದೇ ಜಗಳ. ಚಿಣ್ಣಿ-ದಾಂಡು ಆಡುವಾಗ ಚಿಣ್ಣಿ ಹಾರಿ ಬಡಿದು ಅಕ್ಕನ ಎಡಗಣ್ಣಿಗೆ ಪೊರೆ ಬಂದಿತ್ತು. ಅಪ್ಪ ಬಿಜಾಪುರಕ್ಕೆ ಕರೆದೊಯ್ದು ಆಪರೇಶನ್ ಮಾಡಿಸಿಕೊಂಡು ಬಂದ. ಗಾಯ ಮಾಯಿತು, ದಪ್ಪ ಗಾಜಿನ ಚಶ್ಮಾನೂ ಬಂತು. ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿ ಕಳಿಸಿದ್ದರು: ದಿನಾ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಒಳ್ಳೆಯ ಕಣ್ಣನ್ನು ಕಟ್ಟಿಡಬೇಕು. ಇಲ್ಲದಿದ್ದರೆ ಆಪರೇಶನ್ ಆದ ಕಣ್ಣು ನೋಡುವುದನ್ನು ಕಲಿಯದೆ ಕುರುಡಾಗುತ್ತದೆ.

ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಇದು ಸುತಾರಾಂ ಒಪ್ಪಿಗೆಯಾಗಲಿಲ್ಲ. "ಕೆಟ್ಟ ಕಣ್ಣ ಬಿಟ್ಟು ಚೊಲೋ ಕಣ್ಣ ಕಟ್ತಾರೇನೋ? ಆ ಡಾಕ್ಟರಗ ತಲಿ ಕೆಟ್ಟೈತಿ!" ಅಪ್ಪ ಹೊಲಕ್ಕೆ ಹೋದದ್ದೇ ತಡ, ಪಟ್ಟಿ ಬಿಚ್ಚಿ ಆಪರೇಶನ್ ಆದ ಕಣ್ಣಿಗೇ ಕಟ್ಟಿಬಿಡುತ್ತಿದ್ದಳು. ಆಯಿ ಕೆಟ್ಟವಳಲ್ಲ ಮಕ್ಕಳೇ. ಪಟ್ಟಿ ಕಟ್ಟಿಕೊಂಡ ಮೊಮ್ಮಗಳು ಹೊಸ್ತಿಲು ಎಡವಿದರೆ ಅವಳ ಕರುಳು ಚುರ್ರೆನ್ನುತ್ತಿತ್ತು.

ಅವತ್ತು ಆಯಿ ಅಂಗಳದ ಬೇವಿನ ನೆರಳಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರದಿಂದೇಳುವ ಧೂಳಿಗೆ ನನಗೆ ಸೀನೇ ಸೀನು. ಅಕ್ಕ ಹತ್ತಿರ ಬಂದು ಕೂತೊಡನೆ ಆಯಿಯ ಕೈ ಪಟ್ಟಿಯ ಗಂಟಿಗೆ ಹೋಯಿತು. ಎಂದೂ ಎದುರಾಡದ ನಮ್ಮ ಅಕ್ಕ ಎರಡೂ ಕೈಯಿಂದ ಪಟ್ಟಿ ಅಮುಕಿ ಹಿಡಿದು, "ಬಿಚ್ಚಬ್ಯಾಡ ಆಯಿ! ನನ್ನ ಈ ಕಣ್ಣು ಹೋಗೇಬಿಡ್ತೈತಿ!" ಎಂದು ಅತ್ತಳು. ಅಳುತ್ತಲೇ ಚಶ್ಮಾ ಒರೆಸಿಕೊಂಡು ಆಯಿಯ ಮುಖದ ಹತ್ತಿರ ಮುಖ ತಂದು ದಿಟ್ಟಿಸಿದಳು.

"ಆಯಿ, ನಿನ್ನ ಮೂಗುತಿ ಕಾಣಾಕತ್ತೈತಿ. ಅದರಾಗ ಒಂದು ಹರಳು ಬಿದ್ದೈತಿ ನೋಡು."

ಆಯಿ ಮೂಗು ಮುಟ್ಟಿ ನೋಡಿಕೊಂಡಳು. ಹರಳು ಬಿದ್ದದ್ದು ಅವಳಿಗೇ ಗೊತ್ತಿರಲಿಲ್ಲ! "ಅಯ್ಯ ನನ್ನ ಯವ್ವಾ!" ಎಂದು ಅಕ್ಕನನ್ನು ಅಪ್ಪಿಕೊಂಡು ಗಳಗಳ ಅತ್ತಳು. ಹರಳು ಹುಡುಕುವ ನೆನಪೂ ಆಗಲಿಲ್ಲ. ಮರುದಿನದಿಂದ ಪಟ್ಟಿ ಕಟ್ಟುವವಳು ಆಯಿಯೇ. ಓಣಿಯಲ್ಲಿ ಯಾರಾದರೂ ನಕ್ಕರೆ ಬಡಿಗೆ ಎತ್ತುತ್ತಿದ್ದಳು. ಅಕ್ಕನ ಆ ಕಣ್ಣು ಇನ್ನೊಂದರಷ್ಟು ಚುರುಕಾಗಲಿಲ್ಲ, ನಿಜ. ಆದರೆ ಕುರುಡಾಗಲಿಲ್ಲ.

ಅಕ್ಕನ ಪಟ್ಟಿ ಅಪ್ಪನ ಹಳೆಯ ಧೋತರದ ಚೂರು. ಪುಟ್ಟಿ, ನನ್ನ ಮೊಮ್ಮಗಳೇ, ಈಗ ನಿನ್ನ ಒಳ್ಳೆಯ ಕಣ್ಣಿಗೆ ಹಾಕಿದ ಪಟ್ಟಿ ತಾನೇ ಅಂಟಿಕೊಳ್ಳುತ್ತದೆ, ಮೇಲೆ ನವಿಲಿನ ಚಿತ್ರ ಬೇರೆ. ಆಗ ಕಣ್ಣು ತೋರಿಸಲು ದಿನವಿಡೀ ಹಾದಿ ಸವೆಸಬೇಕಿತ್ತು, ಈಗ ನೀವು ಓದುವ ಸಾಲಿಗೇ ಡಾಕ್ಟರು ಬಂದು ಕಣ್ಣು ನೋಡುತ್ತಾರೆ. ಅಳು ಮಾತ್ರ ಅದೇ. ನಿನ್ನೆ ನೀನು "ತೆಗಿ ಮುತ್ಯಾ" ಎಂದು ಅತ್ತಾಗ ನನ್ನ ಕೈಯೂ ಪಟ್ಟಿಯ ಕಡೆ ಹೋಗಿತ್ತು. ಆಯಿ ನೆನಪಾದಳು, ಕೈ ಹಿಂದೆ ತೆಗೆದುಕೊಂಡೆ. ಬಾ, ಹತ್ತಿರ ಕೂಡು. ಪಟ್ಟಿಯಿಲ್ಲದ ಆ ಕಣ್ಣಿನಿಂದಲೇ ನೋಡಿ ಹೇಳು, ಈ ಮುತ್ಯಾನ ಮೀಸೆಯಲ್ಲಿ ಒಂದಾದರೂ ಕರಿ ಕೂದಲು ಉಳಿದಿದೆಯೇ?