ತಬಾಸ್ಕೊದವನ ಮುಂದೆ ತಬಾಸ್ಕೊ ಬಾಟಲಿ

ಒಮಾನಿನ ದುಕ್ಮ್‌ನಲ್ಲಿ ನನ್ನದೊಂದು ಚಿಕ್ಕ ಹೋಟೆಲಿದೆ. ಊಟಕ್ಕೆ ಬರುತ್ತಿದ್ದ ಮೆಕ್ಸಿಕೊದ ಇಂಜಿನಿಯರು ತನ್ನ ಸೀಮೆ ತಬಾಸ್ಕೊ ಎಂದದ್ದೇ ತಡ, ಅದೇ ಹೆಸರಿನ ಖಾರದ ಸಾಸನ್ನು ಮಸ್ಕತ್‌ನಿಂದ ತರಿಸಿ ಅವನ ಮುಂದಿಟ್ಟೆ.

"ತಗೊಳ್ಳಿ, ನಿಮ್ಮೂರಿನದು."

ಅವನು ನಕ್ಕ. "ಇದು ಅಮೆರಿಕದ್ದು, ಮೇಡಂ. ನಮ್ಮದು ಹೆಸರು ಮಾತ್ರ."

"ಊರಿನ ಹೆಸರು ಸುಮ್ಮನೆ ಇಡುತ್ತಾರೆಯೇ?" ಎಂದು ನಾನು ಪಟ್ಟು ಹಿಡಿದೆ. ಶಾಲೆಗೆ ಹೋಗದೆ ಓದು ಕಲಿತವಳು ನಾನು. ಗಿರಾಕಿಗಳೆದುರು ಸೋಲುವುದು ಸುಲಭವಲ್ಲ.

ಬಡಿಸುತ್ತಿದ್ದ ಉಳ್ಳಾಲದ ಹಮೀದ್ ನಡುವೆ ಬಾಯಿ ಹಾಕಿದ: "ಅಕ್ಕಾ, ನೀವು ಬೋರ್ಡಿನಲ್ಲಿ 'ಮಂಗಳೂರು ಬಜ್ಜಿ' ಅಂತ ಬರೆಸಿದ್ದೀರಲ್ಲ, ನಮ್ಮ ಮಂಗಳೂರಿನಲ್ಲಿ ಯಾರಾದರೂ ಹಾಗೆ ಹೇಳುವುದುಂಟಾ? ಅಲ್ಲಿ ಅದು ಗೋಳಿಬಜೆ!"

ಊಟಕ್ಕೆ ಕುಳಿತಿದ್ದ ನಮ್ಮೂರ ಕಡೆಯವರೆಲ್ಲ ಗೊಳ್ಳೆಂದರು. ಸೋತೆನೆಂದು ನಾನೇನೂ ಹೇಳಲಿಲ್ಲ. ಬಿಸಿ ಗೋಳಿಬಜೆಯ ಪ್ಲೇಟನ್ನು ಇಂಜಿನಿಯರನ ಮುಂದೆ ಸರಿಸಿ, "ಮಾತಾಡುತ್ತಾ ಕೂತರೆ ತಣಿಯುತ್ತದೆ, ತಿನ್ನಿ" ಎಂದೆ. ಹೋಟೆಲು ನಡೆಸುವವಳಿಗೆ ವಾದ ನಿಲ್ಲಿಸಲು ಇಷ್ಟಾದರೂ ಅನುಕೂಲ ಬೇಡವೇ?