ಚೀಲ ಮೂಸಿ ನೋಡುತ್ತಿದ್ದವರು

ಅವರ ಮೂಗು ಚಿಕ್ಕದು. ಮೂಗುತಿ ಬಿಚ್ಚಿಟ್ಟು ಎಷ್ಟೋ ಕಾಲವಾಗಿದ್ದರೂ ಎಡಗಡೆಯ ತೂತು ಮುಚ್ಚಿಕೊಂಡಿರಲಿಲ್ಲ, ಎಳ್ಳುಕಾಳಿನಷ್ಟು ಕಪ್ಪಗೆ ಉಳಿದಿತ್ತು. ಪ್ರಯಾಣ ಹೊರಟವರ ಚೀಲದೊಳಗೆ ಆ ಮೂಗನ್ನು ಇಳಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದರು. ಕಂಡವರ ವಿಷಯದಲ್ಲಿ ಮೂಗು ತೂರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಕಂಡವರ ಚೀಲಕ್ಕೆ ತೂರಿಸುವವರನ್ನು ನೋಡಿದ್ದು ಅಮೆರಿಕದ ರೆಂಟನ್‌ಗೆ ಬಂದ ಮೇಲೆಯೇ.

ಪಕ್ಕದ ಮನೆಯ ಆಂಟಿ ಅವರು. ನಂಜನಗೂಡಿನ ಕಡೆಯವರು. ಮದುವೆಯಾದ ಹೊಸತರಲ್ಲಿ, ಜಾಂಬಿಯಾದ ಶಾಲೆಯೊಂದರಲ್ಲಿ ಮೇಷ್ಟರ ಕೆಲಸ ಸಿಕ್ಕ ಗಂಡನ ಹಿಂದೆ ಹೋಗಿ ಅಲ್ಲಿ ಸಂಸಾರ ಹೂಡಿದ್ದರು. ಗಂಡ ಅಲ್ಲಿಯೇ ತೀರಿಕೊಂಡರು. ಏನೋ ಅಪಘಾತ ಎಂದಷ್ಟೇ ನಮಗೆ ಗೊತ್ತಿತ್ತು. ಮಗಳು ಓದಿ, ಇಲ್ಲಿಯ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಇಂಜಿನಿಯರ್ ಆದ ಮೇಲೆ ಅವಳ ಜೊತೆ ಬಂದು ನೆಲೆಸಿದ್ದರು.

ಆ ವರ್ಷಗಳಲ್ಲಿ ನಮ್ಮವರಿಗೆಲ್ಲ ಸಫಾರಿ ಹುಚ್ಚು ಹಿಡಿದಿತ್ತು. ಇಲ್ಲಿಯೇ ಹತ್ತಿರದ ಫ್ರೀಮಾಂಟಿನ ಯಾವುದೋ ಆಫೀಸಿನಲ್ಲಿ ಒಬ್ಬ ಸಿಂಹದ ಫೋಟೊ ತೋರಿಸಿದರೆ ಸಾಕು, ಮುಂದಿನ ಬೇಸಿಗೆ ರಜೆಗೆ ಅವನ ಸ್ನೇಹಿತರೆಲ್ಲ ಸಂಸಾರ ಸಮೇತ ಹೊರಡುತ್ತಿದ್ದರು. ಹೊರಡುವ ಮುಂಚೆ ಆಂಟಿಯ ಮನೆಗೆ ಬಂದು ಕಾಫಿ ಕುಡಿದು ಬುದ್ಧಿ ಹೇಳಿಸಿಕೊಳ್ಳುವುದು ವಾಡಿಕೆಯಾಗಿತ್ತು.

"ಗಟ್ಟಿ ಸೂಟ್‌ಕೇಸ್ ಬೇಡ. ಕಾಡಿನ ಹತ್ರಕ್ಕೆ ಹೋಗೋದು ಪುಟಾಣಿ ವಿಮಾನ. ಬಟ್ಟೆ ಚೀಲ ಆದ್ರೆ ಎಲ್ಲಾದ್ರೂ ತುರುಕ್ತಾರೆ. ನೀಲಿ, ಕಪ್ಪು ಬಟ್ಟೆ ಹಾಕ್ಕೋಬೇಡಿ, ತ್ಸೆತ್ಸೆ ನೊಣ ಹುಡುಕ್ಕೊಂಡು ಬಂದು ಕಚ್ಚುತ್ತೆ. ಮಲೇರಿಯಾ ಮಾತ್ರೆ ವಾಪಸ್ ಬಂದ್ಮೇಲೂ ಡಾಕ್ಟರ್ ಹೇಳಿದಷ್ಟು ದಿನ ನುಂಗ್ಬೇಕು. ಮನೆ ಸೇರಿದ್ವಲ್ಲ ಅಂತ ನಿಲ್ಲಿಸ್ಬೇಡಿ."

ಆಫ್ರಿಕಾ ಎಂದರೆ ಬರೀ ಬಿಸಿಲು ಎಂದುಕೊಂಡವರನ್ನು ಗದರಿಸಿ ಉಣ್ಣೆ ಟೋಪಿ ತರಿಸುತ್ತಿದ್ದರು. ಜುಲೈ ಎಂದರೆ ಅಲ್ಲಿ ಚಳಿಗಾಲ, ಬೆಳಗ್ಗೆ ತೆರೆದ ಜೀಪಿನಲ್ಲಿ ಹಲ್ಲು ಕಟಕಟ ಎನ್ನುತ್ತದಂತೆ. ಅಲ್ಲಿಯವರನ್ನು ದಾರಿ ಕೇಳುವುದಕ್ಕೂ ಒಂದು ಕ್ರಮ. "ಮೊದ್ಲು ಹೇಗಿದೀರಾ ಅಂತ ಕೇಳಿ. ಅವ್ರು ಹೇಳಿ, ನಿಮ್ಮನ್ನೂ ಕೇಳ್ತಾರೆ. ಆಮೇಲೆ ದಾರಿ. ಇಲ್ಲಿ ಥರ ಎಕ್ಸ್‌ಕ್ಯೂಸ್ ಮಿ ಅಂತ ನುಗ್ಗಬಾರದು." ಮೆಕ್ಕೆಜೋಳದ ಹಿಟ್ಟಿನಲ್ಲಿ ಮಾಡುವ ನ್ಶಿಮಾ ಸಿಕ್ಕರೆ ಧೈರ್ಯವಾಗಿ ತಿನ್ನಿ, ಅದು ನಮ್ಮ ರಾಗಿಮುದ್ದೆಯ ಬಿಳೀ ತಂಗಿ ಎನ್ನುತ್ತಿದ್ದರು.

ಕೊನೆಗೆ ಚೀಲ ಮೂಸುವ ಕಾರ್ಯಕ್ರಮ. ಕಿತ್ತಳೆ, ನಿಂಬೆ, ನಿಂಬೆಕಾಯಿ ಉಪ್ಪಿನಕಾಯಿ, ಯಾವುದು ಸಿಕ್ಕರೂ ಎತ್ತಿ ತಮ್ಮ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಆನೆಗೆ ಆ ವಾಸನೆ ದೂರದಿಂದಲೇ ಹೊಡೆಯುತ್ತದೆ ಎನ್ನುವುದು ಅವರ ವಾದ. ಎದುರಿಗೆ ತಲೆಯಾಡಿಸಿ, ಬೆನ್ನ ಹಿಂದೆ ನಾವು ನಗುತ್ತಿದ್ದೆವು. ಅಮೆರಿಕದ ವಿಮಾನ ನಿಲ್ದಾಣಕ್ಕಿಂತ ಆಂಟಿಯದು ಬಿಗಿ ತಪಾಸಣೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು.

ಒಂದು ಸಲ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಪಕ್ಕದ ಊರು ಇಸ್ಸಾಕ್ವಾದಲ್ಲಿ ಹೊಸ ಕಾರು ಕೊಂಡು, ದೇವಸ್ಥಾನಕ್ಕೆ ಒಯ್ದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹರಿಸಿ, ಭಟ್ಟರು ಕೊಟ್ಟ ಇನ್ನೊಂದು ಹಣ್ಣನ್ನು ಸೀಟಿನ ಪಕ್ಕದಲ್ಲಿಟ್ಟುಕೊಂಡು ಬಂದಿದ್ದೆ. ಆಂಟಿಯನ್ನು ಒಂದು ಸುತ್ತು ಕರೆದೊಯ್ಯೋಣ ಎಂದು ಬಾಗಿಲು ತೆಗೆದರೆ ಅವರು ಹತ್ತಲಿಲ್ಲ. ಬಗ್ಗಿ ಆ ಹಣ್ಣನ್ನು ತೆಗೆದು, ನೇರ ಹೋಗಿ ಕಸದ ಡಬ್ಬಿಗೆ ಹಾಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಪೂಜೆ ಮಾಡಿದ ಹಣ್ಣು, ಶುಭ ದಿನ, ಕಸಕ್ಕೆ. ನಾನು ಎಷ್ಟೋ ದಿನ ಅವರನ್ನು ಮಾತಾಡಿಸಲಿಲ್ಲ.

ಆಮೇಲೆ ನಮ್ಮ ಸರದಿಯೂ ಬಂತು. ಜಾಂಬಿಯಾಕ್ಕೆ ಟಿಕೆಟ್ಟು ತೆಗೆಸಿದ್ದಾಯಿತು. ಕಾಡಿಗೆ ಹೋಗುತ್ತೀರಿ, ಒಂದು ನಿಂಬೆಹಣ್ಣು ಮಂತ್ರಿಸಿ ಇಟ್ಟುಕೋ ಎಂದು ಮೈಸೂರಿನಿಂದ ನಮ್ಮತ್ತೆ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದರು. ನಾನು ಅದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ ನನ್ನ ಮಗಳ ಕಾಲುಚೀಲಗಳ ನಡುವೆ ಬಚ್ಚಿಟ್ಟಿದ್ದೆ. ಜಿನುಗು ಮಳೆಯ ಒಂದು ಮಧ್ಯಾಹ್ನ ಆಂಟಿ ಬಂದರು, ಮಂಡಿಯೂರಿದರು, ಮೂಸಿದರು.

"ಅಜ್ಜಿ, ವಾಟ್ ಆರ್ ಯು ಸ್ಮೆಲಿಂಗ್?" ಎಂದಳು ನನ್ನ ಮಗಳು.

ಅವರು ಗಂಟನ್ನು ಹೊರಗೆಳೆದರು. ಬಿಚ್ಚಲಿಲ್ಲ. ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು. ಮಗಳನ್ನು ಮೇಲಿನ ಕೋಣೆಗೆ ಕಳಿಸು ಎಂದು ಸನ್ನೆ ಮಾಡಿ, ಅವಳು ಹೋದ ಮೇಲೆ ಮಾತಾಡಿದರು.

"ನಾವೂ ಹಳೇ ಪಿಕಪ್ ಒಂದು ತಗೊಂಡಿದ್ವಿ. ಅಲ್ಲಿ ಭಟ್ರೆಲ್ಲಿ ಬರ್ಬೇಕು, ಪೂಜೆ ಮಾಡಿದ್ದು ನಾನೇ. ಅವ್ರಿಗೆ ದೃಷ್ಟಿ ತಾಗದೇ ಇರ್ಲಿ ಅಂತ ಸೀಟಿನ ಕೆಳಗೆ ನಿಂಬೆಹಣ್ಣು ಇಟ್ಟೆ. ರಜಕ್ಕೆ ಆನೆ ನೋಡಕ್ಕೆ ಅಂತ ಹೋದ್ವಿ. ಗೇಟಲ್ಲಿ ಕಾವಲಿನವನು ಬಗ್ಗಿ, ಹೇಗಿದೀರಾ ಅಮ್ಮ ಅಂತ ಮೊದ್ಲು ಕೇಳ್ದ. ಆಮೇಲೆ, ಕಿತ್ತಳೆ, ನಿಂಬೆ ಏನಾದ್ರೂ ಇದ್ಯಾ, ಆ ವಾಸನೆಗೆ ಆನೆ ಹುಡುಕ್ಕೊಂಡು ಬರುತ್ತೆ ಅಂದ. ಇಲ್ಲ ಅಂದೆ ಕಣೇ. ಸುಳ್ಳು ಹೇಳ್ಲಿಲ್ಲ. ಅದು ದೇವರದ್ದು, ತಿನ್ನೋದಲ್ಲ. ಹಣ್ಣು ಅಂತ ನೆನಪಿಗೇ ಬರ್ಲಿಲ್ಲ."

ಹೊಳೆಯ ದಂಡೆಯಲ್ಲಿ ಊಟ ಮುಗಿಸಿ ಗಂಡ ಪಿಕಪ್ಪಿನ ಹಿಂಭಾಗದಲ್ಲಿ ಮಲಗಿದ್ದರಂತೆ. ಆಂಟಿ ಪುಟ್ಟ ಮಗಳನ್ನು ಕೂರಿಸಿಕೊಂಡು ದೂರದ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದರಂತೆ. ಆನೆ ಬಂದು ಕಿಟಕಿಯೊಳಗೆ ಸೊಂಡಿಲು ಹಾಕಿತು. ಹಣ್ಣು ಎಟುಕಲಿಲ್ಲ. ಗಾಡಿಯನ್ನೇ ಉರುಳಿಸಿತು.

"ಹಣ್ಣು ತಿಂದು ತನ್ನ ಪಾಡಿಗೆ ಹೊಳೆ ದಾಟಿ ಹೋಯ್ತು. ಎಲ್ಲಾರೂ ಹಣೆಬರಹ ಅಂದ್ರು. ನಿಂಬೆಹಣ್ಣಿನ ವಿಷಯ ಯಾರಿಗೂ ಗೊತ್ತಿಲ್ಲ. ನನ್ನ ಮಗಳಿಗೂ ಹೇಳಿಲ್ಲ. ಹೇಳ್ಬೇಡ."

ಕಾರಿನ ದಿನ ನಾನು ಮಾಡಿಕೊಂಡಿದ್ದ ಕೋಪ ನೆನಪಾಯಿತು. ಆಂಟಿ ಗಂಟನ್ನು ಸೆರಗಿಗೆ ಸುತ್ತಿಕೊಂಡು ಎದ್ದರು. ಬಾಗಿಲಲ್ಲಿ ನಿಂತು, "ಈಗ್ಲೂ ಗೇಟಲ್ಲಿ ಕೇಳ್ತಾರಾ ನೋಡ್ಕೊಂಡು ಬಾ" ಎಂದರು.

ಕೇಳಿದರು. ಹಸಿರು ಸಮವಸ್ತ್ರದ ಹೆಂಗಸೊಬ್ಬಳು ಬಗ್ಗಿ, ಮೊದಲು ನಮ್ಮ ಕ್ಷೇಮ ವಿಚಾರಿಸಿ, ಆಮೇಲೆ ಹಣ್ಣಿನ ಮಾತು ತೆಗೆದಳು. ಇಲ್ಲ ಎನ್ನಲು ಬಾಯಿ ಬರದೆ ಚೀಲಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ಅವಳ ಮುಂದೆ ಹಿಡಿದೆ. ಯಜಮಾನರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು.

ವಾಪಸು ಬಂದು ಇದನ್ನೇ ಆಂಟಿಗೆ ಹೇಳಿದೆ.

"ಬಿಚ್ಚಿ ತೋರಿಸ್ದ್ಯಾ?"

"ತೋರಿಸ್ದೆ ಆಂಟಿ."

"ಅಷ್ಟು ಮಾಡಿದ್ರೆ ಸಾಕಿತ್ತು" ಎಂದರು. ನನಗಲ್ಲ, ಕಿಟಕಿಯ ಕಡೆಗೆ.

ಅದೇ ಚಳಿಗಾಲದಲ್ಲಿ ಅವರು ಹೋದರು. ನ್ಯುಮೋನಿಯಾ ಎಂದು ಆಸ್ಪತ್ರೆಗೆ ಸೇರಿಸಿದವರು ಮನೆಗೆ ಮರಳಲಿಲ್ಲ. ಗಂಡನ ಅಸ್ಥಿ ಬಿಟ್ಟ ಆ ಹೊಳೆಯಲ್ಲಿಯೇ ತಮ್ಮದನ್ನೂ ಬಿಡಬೇಕೆಂದು ಮಗಳಿಗೆ ಹೇಳಿಹೋಗಿದ್ದರಂತೆ. ಅವಳು ಹೊರಡುವ ದಿನ ನಾನು ಹೋದೆ. ಕರ್ಮಾಂತರಕ್ಕೆಂದು ಊರಿನಿಂದ ಬಂದಿದ್ದ ಅವಳ ಸೋದರತ್ತೆಯೂ ಅಲ್ಲಿದ್ದರು. ಬಟ್ಟೆ ಚೀಲ ಹಜಾರದಲ್ಲಿ ಬಾಯಿ ತೆರೆದುಕೊಂಡಿತ್ತು. ಮಾತ್ರೆ ಇತ್ತು, ಉಣ್ಣೆ ಟೋಪಿ ಇತ್ತು. ನಾನು ಮಂಡಿಯೂರಿ ಮೂಗು ಇಳಿಸಿದೆ.

"ಅಮ್ಮನ ಥರಾನೇ ಮಾಡ್ತಿದೀರಲ್ಲ" ಎಂದು ಮಗಳು ಅಳುತ್ತಲೇ ನಕ್ಕಳು.

ವಾಸನೆ ಬಂತು. ಸೀರೆಯ ಮಡಿಕೆಯೊಳಗೆ ಕುಂಕುಮ ಹಚ್ಚಿದ ನಿಂಬೆಹಣ್ಣು.

"ಅಸ್ಥಿ ತಗೊಂಡು ಹೋಗ್ತಿರೋದು, ರಕ್ಷೆಗೆ ಇರ್ಲಿ ಅಂತ ನಾನೇ ಇಟ್ಟೆ" ಎಂದರು ಸೋದರತ್ತೆ.

"ಬೇಡ. ಗೇಟಲ್ಲಿ ಕೇಳ್ತಾರೆ" ಎಂದೆ.

"ದೇವರದ್ದು ಅಂತ ಹೇಳಿದ್ರಾಯ್ತು, ಅಲ್ವಾ?" ಎಂದಳು ಮಗಳು, ಕಣ್ಣೊರೆಸಿಕೊಂಡು.

ಅವಳ ಮುಖ ನೋಡಲಾಗಲಿಲ್ಲ. ಹಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಚೀಲದ ಜಿಪ್ ಎಳೆದೆ.