ಆರ್ಡಿತ್ ಪಿಂಕಮ್‌ಳ ಬುಧವಾರದ ಪಂಕ್ತಿ

ಆರ್ಡಿತ್ ಪಿಂಕಮ್‌ಳ ವಿರುದ್ಧ ಕೈ ಎತ್ತಿದ ಐದು ಜನರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ಸುಲಭ.

ನಮ್ಮದು ಅಮೆರಿಕದ ಮೇನ್ ರಾಜ್ಯದ ಟೋಬಿ ಫಾಲ್ಸ್. ಕಾಗದದ ಗಿರಣಿ ಮುಚ್ಚಿದ ಮೇಲೆ ಊರು ಅರ್ಧ ಖಾಲಿಯಾಯಿತು. ಸೇಂಟ್ ಬಾರ್ನಬಸ್ ಎಪಿಸ್ಕೋಪಲ್ ಚರ್ಚಿನಲ್ಲಿ ಭಾನುವಾರ ನಲವತ್ತು ಜನ ಸೇರಿದರೆ ಹೆಚ್ಚು. ನಾನು ಅಂಚೆ ಹಂಚಿ ನಿವೃತ್ತನಾದವನು, ಚರ್ಚಿನ ಆಡಳಿತ ಮಂಡಳಿಗೆ ಕಾರ್ಯದರ್ಶಿ.

ಆರ್ಡಿತ್ ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಕುಳ್ಳಗಿನ ಗಟ್ಟಿ ಮೈ, ಎರಡೂ ಮುಂಗೈ ಮೇಲೆ ಒಲೆ ಸುಟ್ಟ ಗೆರೆಗಳು. ಮುನ್ನೂರು ಮಕ್ಕಳ ಗದ್ದಲದ ಮೇಲೆ ಕೇಳಿಸಬೇಕಾಗಿದ್ದ ದನಿಯನ್ನು ಅವಳು ಚರ್ಚಿನಲ್ಲೂ ತಗ್ಗಿಸುತ್ತಿರಲಿಲ್ಲ. ಗಂಡ ತೀರಿಕೊಂಡ ವರ್ಷ ಅವಳು ಬುಧವಾರದ ಊಟ ಮತ್ತು ಪಾಠ ಶುರುಮಾಡಿದಳು. ಸಂಜೆ ಐದೂವರೆಗೆ ಚರ್ಚಿನ ಪಕ್ಕದ ಹಾಲ್‌ನಲ್ಲಿ ಒಂದೇ ಉದ್ದ ಮೇಜು. ಮೀನಿನ ಸಾರೋ, ಮ್ಯಾಕರೋನಿಯೋ, ಬೇಯಿಸಿದ ಬೀನ್ಸ್ ಕಾಳೋ ಇರುತ್ತಿತ್ತು. ಉಂಡಾದ ಮೇಲೆ ಅದೇ ಮೇಜಿನಲ್ಲಿ ಬೈಬಲ್ ಪಾಠ. ಮಕ್ಕಳಿಗೆ ಬೇರೆ ಕೋಣೆ, ಮುದುಕರಿಗೆ ಬೇರೆ ಕೋಣೆ ಎಂಬುದಿಲ್ಲ. ಸ್ವಂತ ಮನೆಯವರ ಪಕ್ಕ ಕೂರುವ ಹಾಗಿಲ್ಲ. ಐದು ವರ್ಷದ ಹುಡುಗನ ಪಕ್ಕ ಎಂಬತ್ತರ ಮುದುಕಿ, ಅವಳ ಪಕ್ಕ ಮೀಸೆ ಚಿಗುರುತ್ತಿರುವವನು, ಅವನ ಪಕ್ಕ ಎದೆಹಾಲು ಕುಡಿಸುವ ತಾಯಿ. ಮೊದಲ ಪ್ರಶ್ನೆ ಎಲ್ಲರಿಗಿಂತ ಚಿಕ್ಕವರದು.

"ಗೊತ್ತಿಲ್ಲ ಅನ್ನೋದು ಇಲ್ಲಿ ಉತ್ತರ. ಸುಳ್ಳು ಉತ್ತರ ಅಲ್ಲ," ಎಂದು ಹೊಸದಾಗಿ ಬಂದವರಿಗೆಲ್ಲ ಹೇಳುತ್ತಿದ್ದಳು. ಇಷ್ಟೇ ಅವಳ ಪಠ್ಯಕ್ರಮ.

ಆ ಪಂಕ್ತಿಗೆ ಲೆವರೆಟ್ ಸ್ಟ್ರೌಟ್ ಎಂಬ ಎಂಬತ್ನಾಲ್ಕರ ಹಿರಿಯರು ಬರುತ್ತಿದ್ದರು. ಊಟಕ್ಕೆ ಮಾತ್ರ ಬರುತ್ತೇನೆ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಪಾಠದ ಹೊತ್ತಿಗೆ ತೋಳು ಕಟ್ಟಿ ಕಿಟಕಿ ನೋಡುತ್ತಾ ಕೂರುತ್ತಿದ್ದರು. ನಲವತ್ತಮೂರು ವರ್ಷದ ಹಿಂದೆ ಅವರ ಹತ್ತೊಂಬತ್ತರ ಮಗ ಡೇನಾ ನವೆಂಬರ್ ತಿಂಗಳಲ್ಲಿ ಬಾತುಕೋಳಿ ಬೇಟೆಗೆ ಹೋಗಿ ಕೆರೆಯಲ್ಲಿ ಮುಳುಗಿದ. ದೋಣಿಯಲ್ಲಿ ಇಬ್ಬರಿದ್ದರು. ಈಜಿ ದಡ ಸೇರಿದ ಇನ್ನೊಬ್ಬ ಹುಡುಗನೇ ರಾಯ್ಸ್ ಹ್ಯಾಸ್ಕೆಲ್, ಈಗ ನಮ್ಮ ಮಂಡಳಿಯ ಮುಖ್ಯಸ್ಥ. ಇದು ಊರಿಗೆಲ್ಲ ಗೊತ್ತು. ಯಾರೂ ಆಡುತ್ತಿರಲಿಲ್ಲ. ಲೆವರೆಟ್ ಮತ್ತು ರಾಯ್ಸ್ ನಲವತ್ತಮೂರು ವರ್ಷ ಒಂದೇ ಊರಿನಲ್ಲಿದ್ದೂ ಒಂದು ಮಾತು ಆಡಿರಲಿಲ್ಲ.

ಸೆಪ್ಟೆಂಬರ್ ತಿಂಗಳ ಒಂದು ಬುಧವಾರ ಬಿರುಗಾಳಿಗೆ ಸಿಕ್ಕ ದೋಣಿಯ ಪಾಠ ಬಂತು. ಯೇಸು ಎದ್ದು ಗಾಳಿಯನ್ನು ಸುಮ್ಮನಾಗಿಸಿದ ಕಥೆ. ಅಂದು ಎಲ್ಲರಿಗಿಂತ ಚಿಕ್ಕವಳು ರಾಯ್ಸನ ಮೊಮ್ಮಗಳು, ಎಂಟು ವರ್ಷದ ತೆಸ್ಸಾ. ಪಕ್ಕದಲ್ಲಿದ್ದ ಲೆವರೆಟ್ ಕಡೆ ತಿರುಗಿ, "ಎಲ್ಲಾ ದೋಣಿಗೂ ಹಂಗೇ ಮಾಡ್ತಾನಾ?" ಎಂದು ಕೇಳಿದಳು.

ಲೆವರೆಟ್ ಕಿಟಕಿಯಿಂದ ಕಣ್ಣು ತೆಗೆದು, "ನನ್ನ ಮಗನ ದೋಣಿಗೆ ಮಾಡ್ಲಿಲ್ಲಮ್ಮ," ಎಂದರು. "ಅವತ್ತಿಂದ ನಾನು ಪ್ರಾರ್ಥನೆ ಬಿಟ್ಟೆ."

"ಅವನ ಹೆಸರೇನು?"

"ಡೇನಾ."

ಅವರ ಬಾಯಿಂದ ಆ ಹೆಸರನ್ನು ಮೇಜಿನಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲ. ಆರ್ಡಿತ್ ಸಮಾಧಾನ ಹೇಳಲಿಲ್ಲ, ದೇವರ ಪರವಾಗಿ ವಾದಿಸಲೂ ಇಲ್ಲ. ಡೇನಾ ಹೇಗಿದ್ದ ಎಂದು ಕೇಳಿದಳು. ಲೆವರೆಟ್ ಅರ್ಧ ಗಂಟೆ ಹೇಳಿದರು.

ತೆಸ್ಸಾ ಮನೆಗೆ ಹೋಗಿ ತಾತನಿಗೆ ಎಲ್ಲ ಒಪ್ಪಿಸಿದಳು. ಮುಂದಿನ ವಾರವೇ ರಾಯ್ಸ್ ಮಂಡಳಿಯ ಸಭೆ ಕರೆದ. ಎಂಟು ವರ್ಷದ ಮಗುವಿನ ಮುಂದೆ ಸಾವಿನ ಮಾತು, ದೇವರನ್ನು ಬಿಟ್ಟ ಮಾತು ಸಲ್ಲದು; ಇನ್ನು ಮೇಲೆ ಹಾಲ್‌ನಲ್ಲಿ ಒಟ್ಟಿಗೆ ಪಂಕ್ತಿ ಬೇಡ; ಮಕ್ಕಳಿಗೆ ನೆಲಮಾಳಿಗೆಯಲ್ಲಿ ವಯಸ್ಸಿಗೆ ತಕ್ಕ ಪಾಠ, ದೊಡ್ಡವರಿಗೆ ಗ್ರಂಥಾಲಯದಲ್ಲಿ ಬೇರೆ ಪಾಠ ಎಂದ. ನಮ್ಮ ಪಾದ್ರಿ ಹಿಲರಿ ವೇಟ್ ಆಗಿನ್ನೂ ಮೂವತ್ತೆರಡರ ಹೆಣ್ಣುಮಗಳು, ಊರಿಗೆ ಬಂದು ವರ್ಷವಾಗಿತ್ತು; ಹೆಣ್ಣು ಪಾದ್ರಿಯಾದ್ದರಿಂದ ನಾವು ಅವರನ್ನು ಮದರ್ ಎನ್ನುತ್ತಿದ್ದೆವು. ಒಳ್ಳೆಯವರು, ಯಾರ ಮನಸ್ಸೂ ನೋಯಬಾರದೆಂದು ಎಲ್ಲರ ಮಾತಿಗೂ ತಲೆಯಾಡಿಸುತ್ತಿದ್ದರು.

"ಇದರಲ್ಲಿ ತಪ್ಪೇನಿದೆ ಹೇಳು ಆರ್ಡಿತ್," ಎಂದ ರಾಯ್ಸ್. ಅವಳೂ ಮಂಡಳಿಯ ಸದಸ್ಯೆ; ಇಬ್ಬರೂ ಒಂದೇ ತರಗತಿಯಲ್ಲಿ ಓದಿದವರು.

"ಏನೂ ತಪ್ಪಿಲ್ಲ. ನಾನು ಮಾಡಲ್ಲ, ಅಷ್ಟೇ."

"ನೋಡಿ, ವಯಸ್ಸಿಗೆ ತಕ್ಕ ಹಾಗೆ ಕಲಿಸಿದ್ರೆ ಮಕ್ಕಳಿಗೆ ಹೆಚ್ಚು ಹಿಡಿಸುತ್ತೆ," ಎಂದರು ಪಾದ್ರಿ. "ಈಗ ಚೆನ್ನಾಗಿರೋ ಬಣ್ಣದ ಪುಸ್ತಕಗಳು ಬರ್ತವೆ."

"ಬಣ್ಣದ ಪುಸ್ತಕದ ಕಥೆ ನನಗೆ ಗೊತ್ತು ಮದರ್." ಆರ್ಡಿತ್ ಎದ್ದು ನಿಂತಳು. "ನನಗೆ ಒಂಬತ್ತು ವರ್ಷ ಇದ್ದಾಗ ಗಿರಣಿಯಲ್ಲಿ ಬಾಯ್ಲರ್ ಸಿಡೀತು. ಅಪ್ಪ ದೂರದ ಆಸ್ಪತ್ರೇಲಿದಾನೆ ಅಂದ್ರು. ಇದೇ ನೆಲಮಾಳಿಗೇಲಿ ಕೂರಿಸಿ, ಕೈಗೆ ಕುರಿಮರಿ ಚಿತ್ರ ಕೊಟ್ಟು, ಬಣ್ಣ ಹಚ್ಚು ಅಂದ್ರು. ನಾನು ಹಳದಿ ಹಚ್ತಾ ಕೂತಿದ್ದೆ. ತಲೆ ಮೇಲೆ ಹಾಡು ಕೇಳಿಸ್ತಿತ್ತು. ಅದು ನಮ್ಮಪ್ಪನ ಶವದ ಪ್ರಾರ್ಥನೆ. ನನಗೆ ಗೊತ್ತಾಗಿದ್ದು ಸೋಮವಾರ, ಶಾಲೆ ಅಂಗಳದಲ್ಲಿ, ಜಗಳ ಆಡ್ತಿದ್ದ ಹುಡುಗಿ ಬಾಯಿಂದ. ಆಮೇಲೆ ಈ ಚರ್ಚಿನ ದೊಡ್ಡವರು ಏನು ಹೇಳಿದ್ರೂ ಹತ್ತು ವರ್ಷ ನಾನು ನಂಬ್ಲಿಲ್ಲ."

ಅವಳು ಇದನ್ನು ಹಿಂದೆ ಯಾರಿಗೂ ಹೇಳಿರಲಿಲ್ಲ; ಪಕ್ಕದ ಬೀದಿಯಲ್ಲೇ ಬೆಳೆದ ನನಗೂ ಗೊತ್ತಿರಲಿಲ್ಲ.

"ಇನ್ನೊಂದು ಮಾತು. ಮಗುವಿಗೆ ದೀಕ್ಷಾಸ್ನಾನ ಆದಾಗ ಸಭೆಯೆಲ್ಲಾ ಎದ್ದು ನಿಂತು, ಇದಕ್ಕೆ ನಾವು ಆಸರೆಯಾಗ್ತೀವಿ ಅಂತ ಒಪ್ಕೋತೀವಿ. ತೆಸ್ಸಾದು ಆದಾಗ ಲೆವರೆಟ್ ಇಲ್ಲಿರ್ಲಿಲ್ಲ. ಈಗ ಅವಳಿಗೋಸ್ಕರ ಎದ್ದು ನಿಂತಿದ್ದಾರೆ. ನೀವು ಕೂರಿಸೋಕೆ ಹೊರಟಿದ್ದೀರಿ."

ರಾಯ್ಸ್ ಮತಕ್ಕೆ ಹಾಕಿದ. ಐದಕ್ಕೆ ಎರಡು. ನಾನು ಕೈ ಎತ್ತಿದ್ದು ರಾಯ್ಸನ ಮುಖ ನೋಡಿ. ಅವನ ತುಟಿ ಬಿಳಿಚಿಕೊಂಡಿತ್ತು. ಆ ಕೆರೆಯ ಮಾತು ಇಲ್ಲಿಗೇ ನಿಲ್ಲಲಿ, ಅವನನ್ನು ಬಿಟ್ಟುಬಿಡಲಿ ಎನಿಸಿತು. ಮಕ್ಕಳ ಒಳ್ಳೆಯದು ನನ್ನ ತಲೆಯಲ್ಲಿ ಇರಲೇ ಇಲ್ಲ.

ಆರ್ಡಿತ್ ಕೋಟು ಹಾಕಿಕೊಳ್ಳುತ್ತಾ ನನಗೆ ಹೇಳಿದಳು: "ಮರ್ಟನ್, ಬರ್ಕೋ. ಪಿಂಕಮ್ ಒಪ್ಪಲಿಲ್ಲ, ಪಾಲಿಸೋದೂ ಇಲ್ಲ ಅಂತ. ಅಕ್ಷರ ಬಿಡಬೇಡ."

ನಾನು ಬರೆದುಕೊಂಡೆ.

ಮುಂದಿನ ಬುಧವಾರ ಹಾಲ್‌ಗೆ ಹೊಸ ಬೀಗ ಬಿದ್ದಿತ್ತು. ಅವಳು ಮನೆಯಲ್ಲೇ ಅಡುಗೆ ಮಾಡಿ, ಪಾತ್ರೆಗಳನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿ ತಂದಳು. ಹಾಲ್‌ನ ಮೆಟ್ಟಿಲ ಮೇಲೆ ಹದಿನೇಳು ಜನ ಕೋಟಿನಲ್ಲಿ ಕೂತು ಉಂಡರು, ಅಲ್ಲೇ ಪಾಠ ನಡೆಯಿತು. ನಾನು ರಸ್ತೆಯ ಆ ಬದಿಯಿಂದ ನಡೆದುಹೋದೆ. ಅವಳು ಕೂಗಿ ಕರೆದಳು: "ಮರ್ಟನ್, ತಟ್ಟೆ ಇದೆ. ನಾಚಿಕೆ ಇದ್ರೆ ಅದನ್ನೂ ತಗೊಂಡು ಬಾ." ನಾನು ಹೋಗಲಿಲ್ಲ.

ಅದರ ಮುಂದಿನ ವಾರ ಮಳೆ. ಛತ್ರಿ ಹಿಡಿದು ನಿಂತೇ ಉಂಡರು. ಅಕ್ಟೋಬರ್ ಮೂರನೇ ಬುಧವಾರ ಹೆಪ್ಪುಗಟ್ಟುವ ಚಳಿ ಬಿತ್ತು. ಇನ್ನು ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಐದೂ ಮುಕ್ಕಾಲಿಗೆ ಪಾದ್ರಿಯವರು ನನಗೂ ರಾಯ್ಸನಿಗೂ ಫೋನ್ ಮಾಡಿದರು: ಆರ್ಡಿತ್ ತನ್ನ ಜನರನ್ನೆಲ್ಲ ಚರ್ಚಿನ ಒಳಗೇ ಕರೆದುಕೊಂಡು ಹೋಗಿದ್ದಾಳೆ.

ಚರ್ಚಿನ ಬಾಗಿಲಿಗೆ ನಾವು ಬೀಗ ಹಾಕುವುದಿಲ್ಲ. ಪ್ರಾರ್ಥನೆಗೆ ಯಾರು ಬೇಕಾದರೂ ಬರಬಹುದು ಎಂದು ಹೊರಗೆ ಫಲಕವೇ ಇದೆ. ನಾವು ಹೋದಾಗ ಪಾದ್ರಿಯವರು ನಡುದಾರಿಯಲ್ಲಿ ನಿಂತಿದ್ದರು. ಬೆಂಚುಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ತೊಡೆಯ ಮೇಲೆ ಬಟ್ಟಲಿಟ್ಟುಕೊಂಡು ಮೀನಿನ ಸಾರು ಕುಡಿಯುತ್ತಿದ್ದರು. ಬಲಿಪೀಠದವರೆಗೂ ಈರುಳ್ಳಿ ಬೆಣ್ಣೆಯ ಘಮ.

"ಮಂಡಳಿ ತೀರ್ಮಾನ ಮಾಡಿದೆಯಲ್ಲ ಆರ್ಡಿತ್," ಎನ್ನುತ್ತಿದ್ದರು ಪಾದ್ರಿ.

"ಹಾಲ್ ಬಗ್ಗೆ ಮಾಡಿದೆ ಮದರ್. ನಾವು ಹಾಲ್‌ನಲ್ಲಿಲ್ಲ."

"ನಾಳೆ ಬಿಷಪ್ ಕೇಳಿದ್ರೆ ನಾನೇನು ಹೇಳ್ಲಿ?"

"ಇನ್ನೊಂದು ಬಟ್ಟಲಿದೆ, ಬನ್ನಿ ಅನ್ನಿ."

ಒಂದು ಹುಡುಗಿ ಕಿಸಕ್ಕೆಂದಳು. ರಾಯ್ಸ್ ಅವಳತ್ತ ನೋಡಿದ. ತೆಸ್ಸಾ. ಲೆವರೆಟ್ ಪಕ್ಕದಲ್ಲಿ ಕೂತಿದ್ದಳು. ಎರಡು ಬೆಂಚು ಹಿಂದೆ ಅವಳ ತಾಯಿ, ರಾಯ್ಸನ ಸ್ವಂತ ಮಗಳು, ಅಪ್ಪನ ಕಣ್ಣು ತಪ್ಪಿಸದೆ ಕೂತಿದ್ದಳು.

"ಎದ್ದೇಳು ತೆಸ್ಸಾ. ಮನೆಗೆ ಹೋಗೋಣ."

ಆರ್ಡಿತ್ ಸೌಟು ಹಿಡಿದುಕೊಂಡೇ ಬಂದು ಅವನ ಮುಂದೆ ನಿಂತಳು. ಅವನ ಎದೆ ಎತ್ತರಕ್ಕೂ ಬರುತ್ತಿರಲಿಲ್ಲ. "ಅವಳ ಊಟ ಮುಗಿದಿಲ್ಲ. ನೀನು ಕೂರೋದಾದ್ರೆ ಕೂರು, ಹೋಗೋದಾದ್ರೆ ಹೋಗು. ಬಾಗಿಲು ತೆಗೆದಿಟ್ಟು ನಿಲ್ಲಬೇಡ, ಚಳಿ ಬರ್ತಿದೆ."

"ನಾಳೆ ಪೊಲೀಸ್ ಕರೆಸ್ತೀನಿ ಆರ್ಡಿತ್."

"ಕರೆಸು. ಅವನಿಗೂ ಹತ್ತು ವರ್ಷ ಊಟ ಬಡಿಸಿದ್ದೀನಿ."

ಆಗ ಲೆವರೆಟ್ ಬಟ್ಟಲನ್ನು ಪಕ್ಕಕ್ಕಿಟ್ಟರು. ಮುಂದಿನ ಬೆಂಚು ಹಿಡಿದು ನಿಧಾನವಾಗಿ ಎದ್ದರು.

"ರಾಯ್ಸ್," ಎಂದರು. "ಅವತ್ತು ಗಾಳಿ ಯಾವ ಕಡೆಯಿಂದ ಬಂತು?"

ಪಾದ್ರಿಯವರು ನಡುವೆ ಬರಲು ಹೆಜ್ಜೆಯಿಟ್ಟರು. ಆರ್ಡಿತ್ ಸೌಟು ಅಡ್ಡ ಹಿಡಿದು ತಡೆದಳು.

"ವಾಯವ್ಯದಿಂದ," ಎಂದ ರಾಯ್ಸ್. "ಒಂದೇ ಸಲ ಬಂತು. ದೋಣಿ ಮಗುಚಿಕೊಳ್ತು. ಇಬ್ಬರೂ ಅದನ್ನ ಹಿಡ್ಕೊಂಡಿದ್ವಿ. ಡೇನಾ ಬೂಟಿಗೆ ನೀರು ತುಂಬಿತ್ತು, ಬಿಚ್ಚೋಕೆ ಆಗ್ಲಿಲ್ಲ. ನೀನು ಚೆನ್ನಾಗಿ ಈಜ್ತೀಯ, ಹೋಗಿ ಯಾರನ್ನಾದ್ರೂ ಕರ್ಕೊಂಡು ಬಾ ಅಂದ. ನಾನು ದಡಕ್ಕೆ ಬಂದು ತಿರುಗಿ ನೋಡಿದಾಗ ದೋಣಿ ಮಾತ್ರ ಇತ್ತು. ನಾನು ವಾಪಸ್ ಈಜ್ಲಿಲ್ಲ. ಈಜಬಹುದಿತ್ತೋ ಏನೋ. ನನಗೆ ಧೈರ್ಯ ಬರ್ಲಿಲ್ಲ."

"ತಾತ, ನಿಂಗೆ ಭಯ ಆಯ್ತಾ?" ಎಂದಳು ತೆಸ್ಸಾ.

"ಆಯ್ತಮ್ಮ. ಈಗ್ಲೂ ಆಗುತ್ತೆ."

ಲೆವರೆಟ್ ಕಣ್ಣೊರೆಸಿಕೊಳ್ಳಲಿಲ್ಲ. "ಅವನು ನಿನ್ನನ್ನ ಕಳಿಸಿದ್ದು ಅಂತ ನನಗೆ ಗೊತ್ತಿರ್ಲಿಲ್ಲ," ಎಂದರು. "ನೀನು ಬಿಟ್ಟು ಬಂದೆ ಅಂದ್ಕೊಂಡಿದ್ದೆ. ಒಂದು ಸಲ ಮನೆಗೆ ಬಂದು ಹೇಳ್ಬಹುದಿತ್ತಲ್ಲೋ."

"ನೀವು ಬಾಗಿಲು ತೆಗೀತಿದ್ರಾ?"

ಲೆವರೆಟ್ ಯೋಚಿಸಿದರು. "ಇಲ್ಲ. ತೆಗೀತಿರ್ಲಿಲ್ಲ."

ಯಾರೂ ಯಾರನ್ನೂ ತಬ್ಬಿಕೊಳ್ಳಲಿಲ್ಲ. ಆರ್ಡಿತ್ ಒಂದು ಬಟ್ಟಲು ಸಾರು ತಂದು ರಾಯ್ಸನ ಕೈಗಿಟ್ಟಳು. ಅವನು ಕುಡಿಯಲಿಲ್ಲ, ಬಟ್ಟಲು ಹಿಡಿದುಕೊಂಡು ಹಿಂದಿನ ಬೆಂಚಿನಲ್ಲಿ ಕೂತ. ನಾನೂ ಕೂತೆ. ನನಗೂ ಒಂದು ಬಟ್ಟಲು ಬಂತು. ಆಮೇಲೆ ಆರ್ಡಿತ್ ಪುಸ್ತಕ ತೆರೆದು ಅಂದಿನ ಪಾಠ ಓದಿದಳು, ಬೇರೆಲ್ಲ ಬುಧವಾರಗಳಂತೆಯೇ.

ಹತ್ತು ದಿನದ ಮೇಲೆ ರಾಯ್ಸ್ ತಾನೇ ಹೋಗಿ ಹಾಲ್‌ನ ಬೀಗ ತೆಗೆದು, ಕೀಲಿಯನ್ನು ಆರ್ಡಿತ್ ಮನೆಗೆ ಕೊಂಡೊಯ್ದ. ಅವಳು ತೆಗೆದುಕೊಳ್ಳಲಿಲ್ಲ.

"ನಮಗೆ ಬೆಂಚೇ ಅಭ್ಯಾಸ ಆಗಿದೆ," ಎಂದಳಂತೆ. "ಒಳಗೇ ಉಣ್ತೀವಿ."

ಡಿಸೆಂಬರ್ ಸಭೆಯಲ್ಲಿ ಪಾದ್ರಿಯವರು ಹಳೆಯ ತೀರ್ಮಾನ ರದ್ದುಮಾಡೋಣ ಎಂದರು. ಈ ಸಲ ಅವರು ಯಾರ ಮುಖವನ್ನೂ ನೋಡದೆ ಹೇಳಿದ್ದನ್ನು ನಾನು ಗಮನಿಸಿದೆ. ಎಲ್ಲರೂ ಒಪ್ಪುವವರೇ ಇದ್ದರು. ಅಡ್ಡಬಂದವಳು ಆರ್ಡಿತ್.

"ಬೇಡ ಮದರ್. ಅದು ಹಾಗೇ ಇರ್ಲಿ. ನಾಳೆ ಇನ್ಯಾರೋ ಬಂದು ಮಕ್ಕಳನ್ನ ಕೆಳಗೆ ಕಳ್ಸಿ ಅಂದಾಗ, ಇದನ್ನ ಮೊದಲೂ ಒಬ್ಬಳು ಮೀರಿದ್ಲು ಅಂತ ಪುಸ್ತಕದಲ್ಲಿ ಸಿಗಬೇಕು."

ಹಾಗಾಗಿ ಇಂದಿಗೂ ನಮ್ಮ ಚರ್ಚಿನಲ್ಲಿ ಬುಧವಾರದ ಪಂಕ್ತಿ ನಿಯಮಬಾಹಿರ. ಹದಿನಾರು ವರ್ಷವಾಯಿತು, ಹಿಮಗಾಳಿ ಬೀಸಿದ ವಾರಗಳನ್ನು ಬಿಟ್ಟರೆ ಒಂದು ವಾರವೂ ತಪ್ಪಿಲ್ಲ.

ಲೆವರೆಟ್ ಅದಾದ ಮೇಲೆ ಎರಡು ಚಳಿಗಾಲ ಬದುಕಿದರು. ಮತ್ತೆ ಪ್ರಾರ್ಥನೆ ಮಾಡತೊಡಗಿದರೋ ಇಲ್ಲವೋ ಗೊತ್ತಿಲ್ಲ. ಕೇಳಿದವರಿಗೆ, "ಮೇಲಿನವನೂ ನಾನೂ ಮಾತಿಗೆ ಕೂತಿದ್ದೀವಿ, ಇನ್ನೂ ರಾಜಿ ಆಗಿಲ್ಲ," ಎನ್ನುತ್ತಿದ್ದರು. ರಾಯ್ಸ್ ಬುಧವಾರ ಅಪರೂಪಕ್ಕೆ ಬರುತ್ತಾನೆ, ಬಂದಾಗ ಹಿಂದಿನ ಬೆಂಚು. ಲೆವರೆಟ್‌ಗೆ ನಡೆಯಲು ಆಗದ ಕೊನೆಯ ತಿಂಗಳುಗಳಲ್ಲಿ ಅವರನ್ನು ಕಾರಿನಲ್ಲಿ ಕರೆತರುತ್ತಿದ್ದವನು ಅವನೇ. ದಾರಿಯಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರೋ, ಇಬ್ಬರೂ ಹೇಳಲಿಲ್ಲ.

ನಾನು ಪ್ರತಿ ಬುಧವಾರ ನಾಲ್ಕಕ್ಕೆ ಆಲೂಗಡ್ಡೆ ಸುಲಿಯಲು ಹೋಗುತ್ತೇನೆ. ಸಿಪ್ಪೆ ದಪ್ಪ ತೆಗೆಯುತ್ತೀಯೆಂದು ಬೈಸಿಕೊಳ್ಳುತ್ತೇನೆ.

ಕಳೆದ ತಿಂಗಳು ಬಿಷಪ್ ಕಚೇರಿಯಿಂದ ಒಬ್ಬ ಯುವಕ ಬಂದಿದ್ದ. ಎಲ್ಲ ವಯಸ್ಸಿನವರಿಗೂ ಒಟ್ಟಿಗೆ ಕಲಿಸುವ ವಿಧಾನದ ಬಗ್ಗೆ ವರದಿ ಬರೆಯಬೇಕಂತೆ. ಉಳಿದ ಚರ್ಚುಗಳಿಗೆ ಇದನ್ನು ಮಾದರಿಯಾಗಿ ಕಳಿಸುತ್ತೇವೆ, ಒಂದು ಹೆಸರು ಕೊಡಿ ಎಂದ. ಆರ್ಡಿತ್‌ಗೆ ಈಗ ಎಪ್ಪತ್ತೊಂಬತ್ತು, ಒಂದು ಕಿವಿ ಮಂದ. ಎರಡು ಸಲ ಹೇಳಿಸಿಕೊಂಡಳು.

"ಮಾದರಿ ಗೀದರಿ ಬೇಡಪ್ಪ," ಎಂದಳು. "ಇದಕ್ಕೆ ಅಪ್ಪಣೆ ಇಲ್ಲ ಅಂತ ಬರಿ. ಬರೆದಾದ ಮೇಲೆ ಆ ಹುಡುಗಿ ಪಕ್ಕ ಹೋಗಿ ಕೂತ್ಕೋ, ಅವಳು ಏನೋ ಕೇಳ್ಬೇಕು ಅಂತಿದ್ಲು."

ಯುವಕ ಪೆನ್ನು ಜೇಬಿಗಿಟ್ಟು ಹೋಗಿ ಕೂತ. ಆರು ವರ್ಷದ ಆ ಹುಡುಗಿ ಅವನ ಕಡೆ ತಿರುಗಿ, ಸತ್ತ ನಾಯಿಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದಳು. ಅವನು ಆರ್ಡಿತ್ ಕಡೆ ನೋಡಿದ. ಅವಳು ಬ್ರೆಡ್ ಕತ್ತರಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ನಂಗೆ ಗೊತ್ತಿಲ್ಲ," ಎಂದ ಅವನು. "ನಿನ್ನ ನಾಯಿ ಹೆಸರೇನು?"